ಓಪನ್‌ಎಲ್‌ಸಿಎ: ಗೇರುಬೀಜದ ಪ್ಯಾಕೆಟ್ ಡಿಸೈನ್ ಮಾಡುವವಳ ಅನುಭವ

ಮಂಗಳೂರಿನಲ್ಲಿ ಗೇರುಬೀಜದ ಪ್ಯಾಕಿಂಗ್ ಡಿಸೈನ್ ನನ್ನ ಕೆಲಸ. ಓಪನ್‌ಎಲ್‌ಸಿಎ ಹಿಡಿದು ಕೆಲವು ವರ್ಷಗಳೇ ಆದವು. ಬರ್ಲಿನ್‌ನ ಗ್ರೀನ್‌ಡೆಲ್ಟಾದವರ ಸಾಫ್ಟ್‌ವೇರ್ ಇದು. ಒಂದು ವಸ್ತು ಕಚ್ಚಾ ಮಾಲಿನಿಂದ ಹಿಡಿದು ಕಸ ಆಗುವವರೆಗೆ ಪರಿಸರಕ್ಕೆ ಎಷ್ಟು ಹೊರೆ ಅಂತ ಲೆಕ್ಕ ಹಾಕಿ ಕೊಡುತ್ತದೆ.

ಫ್ರೀ. ಆದರೆ ಫ್ರೀ ಇರುವುದು ಸಾಫ್ಟ್‌ವೇರ್ ಮಾತ್ರ, ಅದರೊಳಗೆ ಹಾಕುವ ಡೇಟಾಬೇಸ್, ಅಂದರೆ ಯಾವ ವಸ್ತು, ಯಾವ ಕೆಲಸಕ್ಕೆ ಎಷ್ಟು ಹೊರೆ ಅನ್ನುವ ಅಂಕಿಅಂಶದ ಕಟ್ಟು, ಬೇರೆ. ಸ್ವಿಟ್ಜರ್ಲೆಂಡಿನ ಇಕೊಇನ್ವೆಂಟ್ ಬೇಕಾದರೆ ಲೈಸೆನ್ಸಿಗೆ ದುಡ್ಡು ಕೊಡಬೇಕು, ಸಣ್ಣ ಯುನಿಟ್‌ನವರಿಗೆ ಅದು ಭಾರವೇ. ಕಲಿಯಲು ಉಚಿತ ಡೇಟಾ ಸಾಕು. ಫ್ಲೋ (ಒಳಬರುವ, ಹೊರಹೋಗುವ ವಸ್ತು), ಪ್ರೊಸೆಸ್ (ಒಂದೊಂದು ಹಂತದ ಕೆಲಸ), ಪ್ರಾಡಕ್ಟ್ ಸಿಸ್ಟಮ್ (ಆ ಹಂತಗಳ ಸರಪಳಿ) ಅಂತೆಲ್ಲ ನೋಡಿ ಮೊದಮೊದಲು ತಲೆ ಗಿರ್ ಅನ್ನುತ್ತದೆ, ಹೆದರಬೇಡಿ.

ನಿಜವಾದ ಉಪಯೋಗ ಫಂಕ್ಷನಲ್ ಯುನಿಟ್ ಹತ್ತಿರ ಶುರುವಾಗುತ್ತದೆ. ಅಂದರೆ ಯಾವ ಕೆಲಸಕ್ಕೆ ಹೋಲಿಕೆ ಮಾಡ್ತಿದ್ದೀರಿ ಅನ್ನೋದನ್ನ ಮೊದಲೇ ಗಟ್ಟಿ ಮಾಡಬೇಕು. ಸುಮ್ನೆ ‘ಒಂದು ಪ್ಯಾಕೆಟ್’ ಅಂತ ಹಾಕಿದರೆ ಪೇಪರ್ ಪೌಚ್ ಗೆದ್ದುಬಿಡುತ್ತದೆ. ‘ಕಾಲು ಕಿಲೋ ಗೇರುಬೀಜ ಗರಿಗರಿಯಾಗಿ ಮನೆ ಸೇರಬೇಕು’ ಅಂತ ಹಾಕಿ ನೋಡಿ! ನಮ್ಮ ಆಟಿ ತಿಂಗಳ ಮಳೆ ಗೊತ್ತಲ್ವಾ, ಬರೀ ಪೇಪರಿನಲ್ಲಿಟ್ಟ ಬೀಜ ಮೆತ್ತಗಾಗಿ ಯಾರೂ ಮುಟ್ಟುವುದಿಲ್ಲ, ಆಗ ಅದು ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದು, ಬೇಯಿಸಿ ಒಡೆದು ಬೋರ್ಮಾ ಅನ್ನುವ ಬಿಸಿಗೂಡಿನಲ್ಲಿ ಒಣಗಿಸಿದ್ದು ಎಲ್ಲ ದಂಡ. ಉಳಿಸಿದ ಒಂದಿಷ್ಟು ಪ್ಲಾಸ್ಟಿಕ್ ಯಾವ ಮೂಲೆಗೂ ಸಾಲುವುದಿಲ್ಲ. ಗಾಜಿನ ಬಾಟಲಿ ಗಿರಾಕಿಗಳಿಗೆ ಇಷ್ಟ. ಆದರೆ ಗಾಜು ಕರಗಿಸಲು 1500 ಡಿಗ್ರಿ ಹತ್ತಿರ ಬಿಸಿ ಬೇಕು, ಮೇಲಿಂದ ಆ ತೂಕ ಲಾರಿಯಲ್ಲಿ ಘಾಟಿ ಹತ್ತಬೇಕು. ವಾಪಸ್ ತಂದು ತೊಳೆದು ತುಂಬಿಸುವುದಾದರೆ ಮಾತು ಬೇರೆ.

ನನ್ನ ತಕರಾರು ಕಸದ ಲೆಕ್ಕದ ಬಗ್ಗೆ. ಡೇಟಾಬೇಸ್‌ನಲ್ಲಿ ಸಿಗುವುದು ಹೆಚ್ಚಾಗಿ ಯುರೋಪಿನ ಅಚ್ಚುಕಟ್ಟು ವ್ಯವಸ್ಥೆ, ನಮ್ಮ ಪೌಚ್ ಹೋಗುವುದು ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಗೆ. 2019ರ ಮಳೆಗಾಲದಲ್ಲಿ ಅಲ್ಲಿನ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಊರಿನ ಮನೆ, ತೋಟಗಳ ಮೇಲೆ ಬಂತಲ್ಲ, ಅದಕ್ಕೆ ಇಲ್ಲಿ ಕಾಲಮ್ಮೇ ಇಲ್ಲ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಪದರ ಅಂಟಿಸಿದ ಪೌಚನ್ನು ನಮ್ಮ ಗುಜರಿಯವರು ಮುಟ್ಟುವುದಿಲ್ಲ ಅನ್ನೋದನ್ನೂ ನಾವೇ ಕೈಯಾರೆ ತುಂಬಿಸಬೇಕು.

ಎರಡು ಮೂರು ಡಿಸೈನ್ ನಡುವೆ ಒದ್ದಾಡುತ್ತಿರುವವರು ಧೈರ್ಯವಾಗಿ ಬಳಸಿ. ಆದರೆ ‘ಅವರದ್ದಕ್ಕಿಂತ ನಮ್ಮದೇ ಪರಿಸರಸ್ನೇಹಿ’ ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸುವ ಆಸೆ ಇದ್ದರೆ ಇಂಥ ಲೆಕ್ಕಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14044 ಪ್ರಕಾರ ಹೊರಗಿನ ತಜ್ಞರ ಸಮಿತಿ ಪರಿಶೀಲಿಸಬೇಕು, ಅದರ ಖರ್ಚು ಬೇರೆಯೇ ಇಟ್ಟುಕೊಳ್ಳಿ.