ಓಪನ್‌ಎಸ್‌ಎಸ್‌ಎಲ್ ದೀರ್ಘ ಬಳಕೆಯ ವಿಮರ್ಶೆ: ಒಂದೇ ಸರ್ಟಿಫಿಕೇಟಿಗೆ ಸರ್ವರ್ ನಿಂತುಹೋಗುವ ದೋಷ

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್, ಎಸ್ಟೇಟ್ ಆಫೀಸು, ಹೋಮ್‌ಸ್ಟೇಗಳಲ್ಲಿ ಲಿನಕ್ಸ್ ಸರ್ವರ್ ಇದ್ದರೆ ಅದರೊಳಗೆ ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಭದ್ರವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಇರುವುದು ಹೆಚ್ಚುಕಡಿಮೆ ಖಚಿತ. ವೆಬ್ ಸರ್ವರ್ ಎಂಜಿನ್‌ಎಕ್ಸ್, ದೂರದ ಜಾಲಗಳನ್ನು ಖಾಸಗಿಯಾಗಿ ಬೆಸೆಯುವ (ವಿಪಿಎನ್) ಓಪನ್‌ವಿಪಿಎನ್, ಮೇಲ್, ಬ್ಯಾಕಪ್ ಸ್ಕ್ರಿಪ್ಟು ಇವೆಲ್ಲ ಸಾಮಾನ್ಯವಾಗಿ ಇದನ್ನೇ ನೆಚ್ಚಿಕೊಂಡಿರುತ್ತವೆ. ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಲೈಬ್ರರಿ ಗಟ್ಟಿ, ದೋಷ ಸಿಕ್ಕಾಗ ತಂಡ ಮುಚ್ಚಿಡದೆ ಸ್ಪಷ್ಟವಾಗಿ ಹೇಳುತ್ತದೆ. ಪ್ಯಾಚ್ ಹಾಕಿದ ಮೇಲೂ ಹಳೆಯ ಪ್ರತಿ ಮೆಮೊರಿಯಲ್ಲಿ ಓಡುತ್ತಲೇ ಇರುತ್ತದೆ, ದೊಡ್ಡ ತೊಂದರೆ ಅಲ್ಲೇ.

2022ರ ಮಾರ್ಚ್ 15ರಂದು ಪ್ರಕಟವಾದ ಸಿವಿಇ-2022-0778 (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತುಸಂಖ್ಯೆ) ಇದಕ್ಕೆ ಒಳ್ಳೆಯ ಉದಾಹರಣೆ. ಗೂಗಲ್‌ನ ಟ್ಯಾವಿಸ್ ಆರ್ಮಂಡಿ ಇದನ್ನು ಕಂಡುಹಿಡಿದರು. ಎಲಿಪ್ಟಿಕ್ ಕರ್ವ್ ಕೀಲಿಯನ್ನು (ಒಂದು ಗಣಿತ ರೇಖೆಯ ಮೇಲಿನ ಬಿಂದುವೇ ಇಲ್ಲಿ ಕೀಲಿ) ಕುಗ್ಗಿಸಿ ಕಳಿಸುವಾಗ ಬಿಂದುವಿನ ಎಕ್ಸ್ ಬೆಲೆ ಮಾತ್ರ ಬರುತ್ತದೆ; ವೈ ಬೇಕಾದರೆ ಲೈಬ್ರರಿಯೇ ಮಾಡ್ಯುಲರ್ ವರ್ಗಮೂಲ (ಮಾಡ್ಯುಲಸ್ ಎಂಬ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷದ ಲೆಕ್ಕದಲ್ಲಿ ವರ್ಗಮೂಲ) ತೆಗೆಯಬೇಕು. ಆ ಲೆಕ್ಕ ಮಾಡುವ ಬಿಎನ್_ಮಾಡ್_ಎಸ್‌ಕ್ಯುಆರ್‌ಟಿ ಫಂಕ್ಷನ್, ಮಾಡ್ಯುಲಸ್ ಅವಿಭಾಜ್ಯ ಸಂಖ್ಯೆ ಎಂದು ನಂಬಿಕೊಂಡೇ ಹೊರಡುತ್ತದೆ. ಕರ್ವಿನ ಅಂಕಿಗಳನ್ನು ಸರ್ಟಿಫಿಕೇಟಿನಲ್ಲೇ (ಗುರುತು ಸಾಬೀತುಪಡಿಸುವ ಡಿಜಿಟಲ್ ಪತ್ರ) ಬರೆದು ಕಳಿಸುವ ಅವಕಾಶ ಇರುವುದರಿಂದ, ದಾಳಿ ಮಾಡುವವನು ಅವಿಭಾಜ್ಯವಲ್ಲದ ಸಂಖ್ಯೆ ತುರುಕಿದರೆ ಲೂಪ್ ಮುಗಿಯುವುದೇ ಇಲ್ಲ. ಸಹಿ ಪರಿಶೀಲನೆಗೂ ಮುಂಚೆ ಇದೆಲ್ಲ ನಡೆಯುತ್ತದೆ. ಹಾಗಾಗಿ ನಂಬಿಕಸ್ಥ ಸಂಸ್ಥೆಯ ಸಹಿ ಬೇಕಿಲ್ಲ, ಮನೆಯಲ್ಲಿ ತಯಾರಿಸಿದ ಸರ್ಟಿಫಿಕೇಟ್ ಸಾಕು. ಗುಟ್ಟಿನ ಮಾಹಿತಿ ಸೋರುವುದಿಲ್ಲ, ಸೇವೆ ಮಾತ್ರ ನಿಲ್ಲುತ್ತದೆ.

ಸಂಪರ್ಕಿಸುವವರಿಂದ ಸರ್ಟಿಫಿಕೇಟ್ (ಕ್ಲೈಂಟ್ ಸರ್ಟಿಫಿಕೇಟ್) ಕೇಳದ ಸಾಮಾನ್ಯ ವೆಬ್‌ಸೈಟಿಗೆ ಈ ದಾರಿಯಲ್ಲಿ ಅಪಾಯ ಇಲ್ಲ. ಖರೀದಿದಾರರನ್ನು ಸರ್ಟಿಫಿಕೇಟ್ ಮೂಲಕ ಗುರುತಿಸುವ ಪೋರ್ಟಲ್ಲಿಗೆ, ತೋಟದಿಂದ ತೋಟಕ್ಕೆ ಎಳೆದ ವಿಪಿಎನ್ನಿಗೆ ಇದೆ. ಓಪನ್‌ವಿಪಿಎನ್‌ನಲ್ಲಿ ಟಿಎಲ್‌ಎಸ್-ಕ್ರಿಪ್ಟ್ ಎಂಬ ಸೆಟ್ಟಿಂಗ್ ಹಾಕಿದ್ದರೆ ಹಂಚಿಕೊಂಡ ಕೀಲಿ ಇಲ್ಲದವರ ಪ್ಯಾಕೆಟ್ಟು ಬಾಗಿಲಲ್ಲೇ ಬಿದ್ದುಹೋಗುತ್ತದೆ. ಹಾಕದವರು ಇವತ್ತೇ ಹಾಕಿ. ಹೊರಗಿನ ಸರ್ವರಿಗೆ ಹೋಗಿ ಮಾಹಿತಿ ತರುವ ಕರ್ಲ್ ಕಮಾಂಡಿನ ಸ್ಕ್ರಿಪ್ಟಿಗೂ ಅಪಾಯ ಉಂಟು. ಕರ್ಲ್‌ನ ಮ್ಯಾಕ್ಸ್-ಟೈಮ್ ಎಂಬ ಸಮಯಮಿತಿ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಲೂಪಿನೊಳಗಿಂದ ನಿಯಂತ್ರಣ ಕರ್ಲ್ ಕೈಗೆ ಮರಳುವುದಿಲ್ಲ. ಲಿನಕ್ಸಿನ ಟೈಮ್‌ಔಟ್ ಕಮಾಂಡಿನೊಳಗೆ ಇಟ್ಟು ಓಡಿಸಿ.

ಲಕ್ಷಣ ಹೀಗಿರುತ್ತದೆ: ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಪ್ ಕಮಾಂಡಿನಲ್ಲಿ ಒಂದು ಪ್ರೋಸೆಸ್ 100% ಸಿಪಿಯು ತಿನ್ನುತ್ತಿರುತ್ತದೆ, ನೆಟ್‌ವರ್ಕ್ ಸುಮ್ಮನಿರುತ್ತದೆ, ವಿನಂತಿ ಮುಗಿಯದ ಕಾರಣ ಆಕ್ಸೆಸ್ ಲಾಗ್‌ನಲ್ಲಿ ಸಾಲೇ ಬೀಳುವುದಿಲ್ಲ. ಎಂಜಿನ್‌ಎಕ್ಸ್‌ಗೆ 4 ವರ್ಕರ್ (ಸಂಪರ್ಕ ನಿಭಾಯಿಸುವ ಪ್ರೋಸೆಸ್) ಇದ್ದರೆ ನಾಲ್ಕರಲ್ಲೂ ಒಂದೊಂದು ಕೆಟ್ಟ ಸಂಪರ್ಕ ಸಿಕ್ಕಿಕೊಂಡರೆ ಎಲ್ಲ ಮುಗಿಯಿತು. ಮಲೆನಾಡಿನ ಮಳೆಗಾಲದಲ್ಲಿ ಎಲ್ಲರೂ ಲೈನ್ ಹೋಯಿತೆಂದು ರೂಟರ್ ಆಫ್-ಆನ್ ಮಾಡುತ್ತಾರೆ. ಮೊದಲು ಟಾಪ್ ನೋಡಿ.

ದುರಸ್ತಿ ಬಂದದ್ದು 1.1.1ಎನ್ ಮತ್ತು 3.0.2ರಲ್ಲಿ. ಉಬುಂಟು 20.04 ಮಾತ್ರ ಪ್ಯಾಚ್ ಆದ ಮೇಲೂ 1.1.1ಎಫ್ ಎಂದೇ ತೋರಿಸುತ್ತದೆ, ಏಕೆಂದರೆ ಅವರು ಹಳೆಯ ಆವೃತ್ತಿಗೇ ತೇಪೆ ಹಾಕುತ್ತಾರೆ. ಅಕ್ಷರ ನೋಡಿ ಗಾಬರಿಯಾಗಬೇಡಿ, ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ ಹುಡುಕಿ.

ಆಮೇಲೆ ತೆರೆದಿರುವ ಫೈಲುಗಳನ್ನು ಪಟ್ಟಿಮಾಡುವ ಎಲ್‌ಎಸ್‌ಒಎಫ್ ಓಡಿಸಿ, ಡಿಇಎಲ್ (ಅಳಿಸಿದ ಫೈಲ್) ಗುರುತಿರುವ ಸಾಲುಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಲೆಕ್ಕದ ಭಾಗವಾದ ಲಿಬ್‌ಕ್ರಿಪ್ಟೊ ಇದೆಯೇ ನೋಡಿ. ಲಿಬ್‌ಎಸ್‌ಎಸ್‌ಎಲ್ ಮಾತ್ರ ಹುಡುಕಿದರೆ ಸಾಲದು, ದೋಷದ ಫಂಕ್ಷನ್ ಇರುವುದು ಲಿಬ್‌ಕ್ರಿಪ್ಟೊದಲ್ಲಿ. ಆ ಸಾಲು ಸಿಕ್ಕಿತೆಂದರೆ ಹಳೆಯ ಪ್ರತಿ ಇನ್ನೂ ಓಡುತ್ತಿದೆ. ಎಂಜಿನ್‌ಎಕ್ಸ್‌ಗೆ ರಿಲೋಡ್ ಕೊಟ್ಟರೆ ಪ್ರಯೋಜನವಿಲ್ಲ. ಹೊಸ ವರ್ಕರುಗಳು ಹಳೆಯ ಪ್ರತಿ ಹೊತ್ತ ಮಾಸ್ಟರ್ ಪ್ರೋಸೆಸಿನಿಂದಲೇ ಹುಟ್ಟುತ್ತವೆ. ರಿಸ್ಟಾರ್ಟ್ ಮಾಡಲೇಬೇಕು. ಡಾಕರ್ ಇಮೇಜು (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳ ಒಂದೇ ಕಟ್ಟು) ಮತ್ತು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಅಧಿಕೃತ ಬೈನರಿ ತಮ್ಮದೇ ಪ್ರತಿ ಹೊತ್ತಿರುತ್ತವೆ, ಹೋಸ್ಟಿನ ಆಪ್ಟ್ (ಪ್ಯಾಕೇಜ್ ಅಪ್‌ಡೇಟ್ ಕಮಾಂಡ್) ಅದನ್ನು ಮುಟ್ಟುವುದಿಲ್ಲ. ಇಮೇಜನ್ನು ಮತ್ತೆ ಕಟ್ಟಿ, ನೋಡನ್ನು ಬೇರೆಯಾಗಿ ಏರಿಸಿ.

ಇದೇ ಜಾತಿಯ ದೋಷಗಳು ಆಮೇಲೂ ಬಂದಿವೆ. 2023ರ ಸಿವಿಇ-2023-3446ರಲ್ಲಿ ಅತಿ ದೊಡ್ಡ ಮಾಡ್ಯುಲಸ್ ಕೊಟ್ಟರೆ ಕೀಲಿ ವಿನಿಮಯದ ಅಂಕಿಗಳನ್ನು ಪರೀಕ್ಷಿಸುವ ಡಿಎಚ್_ಚೆಕ್ ಫಂಕ್ಷನ್ ವಿಪರೀತ ಸಮಯ ತಿನ್ನುತ್ತಿತ್ತು. ತಂಡ ಅದನ್ನೂ ಸರಿಪಡಿಸಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಹೊರಗಿನಿಂದ ಬಂದ ಅಂಕಿಗಳಿಗೆ ಮಿತಿ ಹಾಕುವ ಕೆಲಸ ಇಲ್ಲಿ ಪದೇ ಪದೇ ತಡವಾಗುತ್ತಿರುವುದಕ್ಕೆ. 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ, 3.0ಕ್ಕೆ 2026ರ ಸೆಪ್ಟೆಂಬರ್ 7ರವರೆಗೆ. ಹೊಸದಾಗಿ ಸರ್ವರ್ ಹಾಕುವವರು 2030ರ ಏಪ್ರಿಲ್‌ವರೆಗೆ ಬೆಂಬಲ ಇರುವ 3.5 ಆರಿಸಿಕೊಳ್ಳಿ.