ಹೊಸ ಊರಿನ ಚರ್ಚಿನಲ್ಲಿ ಬೆರೆಯಲು ಯಾವ ದಾರಿ? ಗಾಯನವೃಂದ, ವಾರ್ಡ್ ಕೂಟ, ವಿನ್ಸೆಂಟ್ ಸೊಸೈಟಿ, ಹಬ್ಬದ ಕೆಲಸ

ಹಾಸನಕ್ಕೋ ಚಿಕ್ಕಮಗಳೂರಿಗೋ ವರ್ಗವಾಗಿ ಬಂದ ಕಥೋಲಿಕ ಕುಟುಂಬಗಳು ಸಾಮಾನ್ಯವಾಗಿ ಭಾನುವಾರ ಪೂಜೆಗೆ ಹೋಗುತ್ತವೆ, ಹಿಂದಿನ ಬೆಂಚಿನಲ್ಲಿ ಕೂರುತ್ತವೆ, ಮುಗಿದ ಕೂಡಲೇ ಗಾಡಿ ಹತ್ತುತ್ತವೆ. ವರ್ಷ ಕಳೆದರೂ ಅವರ ಮನೆ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿರುವುದಿಲ್ಲ. ಬೆರೆಯಲು ಇಲ್ಲಿ ನಾಲ್ಕು ದಾರಿಗಳಿವೆ. ನಾಲ್ಕನ್ನೂ ನಡೆದು ನೋಡಿದವರು ನಾವು. ಮೊದಲು ವಾರ್ಡ್ ಕೂಟ (ಅಕ್ಕಪಕ್ಕದ ಮನೆಗಳವರ ಪ್ರಾರ್ಥನಾ ಕೂಟ), ಉಳಿದದ್ದೆಲ್ಲ ಆಮೇಲೆ ಎನ್ನುವುದು ನಮ್ಮ ಮಾತು.

ಅದಕ್ಕೂ ಮುಂಚೆ ಕಾಗದದ ಕೆಲಸ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಧರ್ಮಾಧ್ಯಕ್ಷರು (ಬಿಷಪ್) ಒಬ್ಬರೇ ಎಂದ ಮಾತ್ರಕ್ಕೆ ನಿಮ್ಮ ಹೆಸರು ತಾನಾಗಿ ಒಂದು ಧರ್ಮಕೇಂದ್ರದಿಂದ (ಒಂದು ಚರ್ಚಿನ ವ್ಯಾಪ್ತಿ) ಇನ್ನೊಂದಕ್ಕೆ ಹೋಗುವುದಿಲ್ಲ. ಹಳೆಯ ಫಾದರ್ ಅವರಿಂದ ಒಂದು ಪತ್ರ, ಮನೆಯವರೆಲ್ಲರ ಜ್ಞಾನಸ್ನಾನದ ಸರ್ಟಿಫಿಕೇಟ್, ಮದುವೆಯ ಸರ್ಟಿಫಿಕೇಟ್ ತಂದಿಟ್ಟುಕೊಳ್ಳಿ. ಧರ್ಮಸಭೆಯ ಕಾನೂನಿನ ಪ್ರಕಾರ ಕನಿಷ್ಠ 3 ತಿಂಗಳು ಇರುವ ಉದ್ದೇಶದಿಂದ ಬಂದು ನೆಲೆಸಿದವರಿಗೆ ಆ ಊರಿನ ಧರ್ಮಗುರುವೇ ಗುರು. ಆದ್ದರಿಂದ ‘ಬಾಡಿಗೆ ಮನೆ, ಇನ್ನೂ ಗಟ್ಟಿಯಿಲ್ಲ’ ಎಂದು ಕಾಯುವ ಅಗತ್ಯವಿಲ್ಲ. ಜ್ಞಾನಸ್ನಾನದ ಮೂಲ ದಾಖಲೆ ಮಾತ್ರ ಸ್ನಾನ ಕೊಟ್ಟ ಚರ್ಚಿನಲ್ಲೇ ಉಳಿಯುತ್ತದೆ. ದೃಢೀಕರಣ ಸಂಸ್ಕಾರ, ಮದುವೆ ಎರಡನ್ನೂ ಅಲ್ಲಿನ ಪುಸ್ತಕದಲ್ಲೇ ಬರೆಯುತ್ತಾರೆ. ಮಕ್ಕಳ ಮದುವೆ ಗೊತ್ತಾದಾಗ ಹಳೆಯ ನಕಲು ಸಾಲದೆ ಓಡಾಡುವವರು ಹಲವರು. ಹೊಸ ಪ್ರತಿ ಬೇಕಾಗುತ್ತದೆ.

ಗಾಯನವೃಂದದಲ್ಲಿ ಮುಖಪರಿಚಯ ಬೇಗ. ವಾರಕ್ಕೊಂದು ಅಭ್ಯಾಸ, ಭಾನುವಾರ ಅರ್ಧ ಗಂಟೆ ಮುಂಚೆ ಹಾಜರಿ, ಇಷ್ಟು ಮಾಡಿದರೆ ತಿಂಗಳೊಳಗೆ ಎಲ್ಲರೂ ಗುರುತಿಸುತ್ತಾರೆ. ಆದರೆ ಪೂಜೆಯ ಕ್ರಮ ಗೊತ್ತಿರಬೇಕು: ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ಮತ್ತು ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ವಾರಗಳು) ಭಾನುವಾರಗಳಲ್ಲಿ ಮಹಿಮಾಗೀತೆ (ಗ್ಲೋರಿಯಾ) ಇಲ್ಲ; ತಪಸ್ಸುಕಾಲದಲ್ಲಿ ಅಲ್ಲೆಲೂಯವೂ ಇಲ್ಲ. ಚಿಕ್ಕಮಗಳೂರಿನ ಪ್ರಧಾನಾಲಯ (ಕೆಥೆಡ್ರಲ್) ಸಂತ ಜೋಸೆಫರದು, ಅವರ ಹಬ್ಬ ಮಾರ್ಚ್ 19. ಸಾಮಾನ್ಯವಾಗಿ ಅದು ತಪಸ್ಸುಕಾಲದ ನಡುವೆಯೇ ಬೀಳುತ್ತದೆ. ಅವತ್ತು ಮಹಿಮಾಗೀತೆ ಹಾಡುತ್ತಾರೆ, ಅಲ್ಲೆಲೂಯ ಮಾತ್ರ ಹಾಡುವುದಿಲ್ಲ. ಹೊಸಬರು ತಪ್ಪುವುದು ಅಲ್ಲೇ. ಇನ್ನೊಂದು ಎಡವಟ್ಟು, ಬಂದ ಮೊದಲ ವಾರವೇ ‘ನಮ್ಮೂರಲ್ಲಿ ಈ ಹಾಡಿಗೆ ಬೇರೆ ರಾಗ’ ಎನ್ನುವುದು. ಮೂರು ತಿಂಗಳು ಅವರ ರಾಗದಲ್ಲೇ ಹಾಡಿ. ಈ ದಾರಿಯ ಮಿತಿಯೂ ಇದೆ: ಪರಿಚಯ ಹಾಡುವ ಹತ್ತು ಹನ್ನೆರಡು ಜನರಲ್ಲೇ ನಿಲ್ಲುತ್ತದೆ. ಹಾಡದ ಗಂಡ, ಹಾಡದ ಅತ್ತೆ ಹೊರಗೇ ಉಳಿಯುತ್ತಾರೆ.

ವಾರ್ಡ್ ಕೂಟ ಹಾಗಲ್ಲ, ಇಡೀ ಮನೆಯೇ ಸದಸ್ಯ. ಇದನ್ನು ಕಿರು ಕ್ರೈಸ್ತ ಸಮುದಾಯ ಅಂತಲೂ, ಕೊಂಕಣಿ ಮನೆಗಳಲ್ಲಿ ವಾಳೆ ಅಂತಲೂ ಕರೆಯುತ್ತಾರೆ, ನಡೆಸುವವರು ಗುರಿಕಾರರು. ಅಕ್ಕಪಕ್ಕದ ಬೀದಿಗಳ ಇಪ್ಪತ್ತು ಮೂವತ್ತು ಮನೆ, ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಒಂದು ಗಂಟೆ. ಹಲವೆಡೆ ಏಳು ಹೆಜ್ಜೆಯ ಕ್ರಮ ಬಳಕೆಯಲ್ಲಿದೆ: ಪ್ರಭುವನ್ನು ಬರಮಾಡಿಕೊಳ್ಳುವುದು, ಶುಭಸಂದೇಶ ಓದುವುದು, ಮನಸ್ಸಿಗೆ ತಟ್ಟಿದ ಪದವನ್ನು ಗಟ್ಟಿಯಾಗಿ ಹೇಳುವುದು, ಮೌನ, ಹಂಚಿಕೊಳ್ಳುವುದು, ಈ ತಿಂಗಳು ಮಾಡಬೇಕಾದ ಕೆಲಸ ಗೊತ್ತುಮಾಡುವುದು, ಪ್ರಾರ್ಥನೆ. ಮಾತು ಬಾರದವರಿಗೆ ಮೂರನೆಯ ಹೆಜ್ಜೆಯೇ ಸಲೀಸು, ಎರಡು ಪದ ಹೇಳಿದರೂ ಸಾಕು. ನಿಜವಾದ ನಂಟು ಬೆಳೆಯುವುದು ಆರನೆಯದರಲ್ಲಿ. ಹಾಸಿಗೆ ಹಿಡಿದ ಅಜ್ಜಿಯನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತೀರಿ ಎಂದು ಕೇಳಿದಾಗ ‘ನಾನು’ ಎಂದುಬಿಡಿ. ಕೆಡುವುದೂ ಅಲ್ಲಿಯೇ: ಐದನೆಯ ಹೆಜ್ಜೆಯಲ್ಲಿ ಒಬ್ಬರೇ ಪ್ರಸಂಗ ಶುರುಮಾಡಿದರೆ ಹೊತ್ತು ಮೀರುತ್ತದೆ, ಒಳಗಿಂದ ಉಪ್ಪಿಟ್ಟಿನ ತಟ್ಟೆ ಬರುತ್ತದೆ, ಆರನೆಯದು ಹಾರಿಹೋಗುತ್ತದೆ.

ನಿಮ್ಮ ಮನೆಗೆ ಸರದಿ ಬರುವವರೆಗೆ ಕಾಯದೆ ಮೂರನೆಯ ತಿಂಗಳಲ್ಲೇ ಕೇಳಿ ಕರೆಯಿರಿ. ಮೇಜಿಗೆ ಬಿಳಿ ಬಟ್ಟೆ, ಶಿಲುಬೆ, ಬೈಬಲ್, ಎರಡು ಮೇಣದಬತ್ತಿ, ನೆಲಕ್ಕೆ ಜಮಖಾನೆ. 20 ಜನಕ್ಕೆ 2 ಲೀಟರ್ ಹಾಲು, 150 ಗ್ರಾಂ ಪುಡಿಯ ಡಿಕಾಕ್ಷನ್, ಎರಡು ಪೊಟ್ಟಣ ಬಿಸ್ಕತ್ತು. ಅದಕ್ಕಿಂತ ಹೆಚ್ಚು ಮಾಡಬೇಡಿ. ನೀವು ಪಲಾವ್ ಮಾಡಿದರೆ ಮುಂದಿನ ತಿಂಗಳ ಬಡ ಮನೆಯವರು ‘ನಮ್ಮಲ್ಲಿ ಬೇಡ’ ಎನ್ನುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಖಂಡಿತ, ಚಾರ್ಜರ್ ಲೈಟ್ ಎದುರಿಗೇ ಇರಲಿ.

ಇದನ್ನು ಮೊದಲಿಗಿಡಲು ಇನ್ನೊಂದು ಕಾರಣವಿದೆ. ನಡುರಾತ್ರಿ ಮನೆಯಲ್ಲಿ ಸಾವಾದರೆ ಫೋನ್ ಹೋಗುವುದು ಗುರಿಕಾರರಿಗೆ. ಫಾದರ್‌ಗೆ ತಿಳಿಸುವುದು, ಚರ್ಚಿನ ಗಂಟೆ ಬಾರಿಸುವುದು, ಸಮಾಧಿಯ ಜಾಗ, ಪೆಟ್ಟಿಗೆ, ಮನೆಯಲ್ಲಿ ಜಪಸರ ಎಲ್ಲವನ್ನೂ ಹೊತ್ತುಕೊಳ್ಳುವುದು ವಾರ್ಡಿನವರು. ಹೊಸ ಊರಿನಲ್ಲಿ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ?

ಕೆಲಸ ಮಾಡುತ್ತಾ ಬೆರೆಯುವ ಸ್ವಭಾವದವರಿಗೆ ವಿನ್ಸೆಂಟ್ ದೆ ಪೌಲ್ ಸೊಸೈಟಿ ಸೂಕ್ತ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ಸಭೆಯಲ್ಲಿ ಗುಟ್ಟಿನ ಸಂಚಿ ತಿರುಗುತ್ತದೆ, ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ಚರ್ಚಿನ ಇನ್ನೊಂದು ಸಂಘ ಮರಿಯಾ ಸೇನೆಯದೂ (ಲೀಜನ್ ಆಫ್ ಮೇರಿ) ಜೋಡಿ ಭೇಟಿಯೇ, ವಾರಕ್ಕೆ ಎರಡು ಗಂಟೆಯ ಸೇವೆ. ಆದರೆ ಅಲ್ಲಿ ಅಕ್ಕಿ, ದುಡ್ಡು ಕೊಡುವಂತಿಲ್ಲ, ಪ್ರಾರ್ಥನೆ ಮತ್ತು ಮಾತು ಮಾತ್ರ. ಇದು ತಿಳಿಯದೆ ಸೇರಿ ಬೇಸರಪಟ್ಟವರಿದ್ದಾರೆ.

ಹಬ್ಬದ ಕೆಲಸದಲ್ಲಿ ಒಂಬತ್ತು ದಿನಕ್ಕೆ ನೂರು ಪರಿಚಯ, ಹತ್ತನೆಯ ದಿನಕ್ಕೆ ಎಲ್ಲ ಮಾಯ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮಾತೆ ಮರಿಯಳ ಹುಟ್ಟುಹಬ್ಬ) ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಆಗಸ್ಟ್ 30ಕ್ಕೆ ಶುರು. ಕುರ್ಚಿ ಹಾಕುವುದು, ಊಟ ಬಡಿಸುವುದು ಕೇಳಿ ಪಡೆಯಿರಿ. ವಂತಿಗೆ ಎತ್ತುವ ಕೆಲಸ ಮೊದಲ ವರ್ಷ ಬೇಡ, ಯಾವ ಮನೆಯ ಕಷ್ಟ ಏನೆಂದು ನಿಮಗಿನ್ನೂ ಗೊತ್ತಿರುವುದಿಲ್ಲ.

ಭಾಷೆಯ ಮಾತು ಉಳಿಯಿತು. ಕೊಂಕಣಿಯಲ್ಲೋ ತಮಿಳಿನಲ್ಲೋ ಪೂಜೆ ಸಿಕ್ಕರೆ ಮನಸ್ಸಿಗೆ ಹಿತ, ನಿಜ. ಆದರೆ ಅಲ್ಲಿಗಷ್ಟೇ ಹೋದರೆ ಮಕ್ಕಳ ಧರ್ಮೋಪದೇಶದ ಗೆಳೆಯರು ಒಂದು ಕಡೆ, ನಿಮ್ಮ ಪರಿಚಯ ಇನ್ನೊಂದು ಕಡೆ ಆಗುತ್ತದೆ. ತಿಂಗಳಿಗೆ ಎರಡು ಭಾನುವಾರವಾದರೂ ಕನ್ನಡ ಪೂಜೆಗೆ ಹೋಗಿ. ಮೂಡಿಗೆರೆ, ಸಕಲೇಶಪುರ ಕಡೆಯ ಎಸ್ಟೇಟಿಗೆ ಬಂದವರಾದರೆ ಕಾಫಿ ಕೊಯ್ಲಿಗೆ ಮುಂಚೆಯೇ ವಾರ್ಡ್ ಸೇರಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕೂಟಕ್ಕೆ ಬರುವವರು ಕಡಿಮೆ, ಹೊಸಬರನ್ನು ಮಾತಾಡಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.