ಸ್ಪೈಡರ್‌ಮ್ಯಾನ್ 2 ನೋಡಲೋ, ದಿ ಡಾರ್ಕ್ ನೈಟ್ ನೋಡಲೋ?

ಮನುಷ್ಯರ ಕಥೆಯೇ ಮುಖ್ಯ ಅನ್ನುವವರು 2004ರ ‘ಸ್ಪೈಡರ್‌ಮ್ಯಾನ್ 2’ ಹಾಕಿಕೊಳ್ಳಿ. ಸ್ಪೈಡರ್‌ಮ್ಯಾನ್ ಆಗಿರುವ ಹುಡುಗ ಪೀಟರ್‌ಗೆ ಬಾಡಿಗೆ ಕಟ್ಟಲು ದುಡ್ಡಿಲ್ಲ, ಪಿಜ್ಜಾ ತಲುಪಿಸುವ ಕೆಲಸವೂ ಹೋಗುತ್ತದೆ, ಮನಸ್ಸು ಕುಸಿದಂತೆ ಕೈಯಿಂದ ಬಲೆ ಬರುವುದೂ ನಿಲ್ಲುತ್ತದೆ. ಶಕ್ತಿಯೇ ದುಗುಡಕ್ಕೆ ಕಟ್ಟುಬಿದ್ದಿರುವುದರಿಂದ ಹೊಡೆದಾಟಗಳೂ ಎದೆಗೆ ತಟ್ಟುತ್ತವೆ. ರೈಲು ನಿಲ್ಲಿಸಿ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ಕೈಯಿಂದ ಕೈಗೆ ಒಳಗೆ ಸಾಗಿಸುವಾಗ ಆ ಮುಖದಲ್ಲಿ ಮುಖವಾಡವಿಲ್ಲ. ಇನ್ನೂ ಹುಡುಗನ ಮುಖ. ಇಡೀ ಚಿತ್ರದ ಜೀವ ಅಲ್ಲಿದೆ.

2008ರ ‘ದಿ ಡಾರ್ಕ್ ನೈಟ್’ನಲ್ಲಿ ನಾಯಕ ಬ್ಯಾಟ್‌ಮ್ಯಾನ್‌ಗಿಂತ ನಗರದ ಸರ್ಕಾರಿ ವಕೀಲ ಹಾರ್ವಿ ಡೆಂಟ್‌ನ ಪತನ ಹೆಚ್ಚು ಕಾಡುತ್ತದೆ. ಅದು ಒಬ್ಬನ ಸಂಕಟಕ್ಕಿಂತ ಇಡೀ ನಗರದ ಧರ್ಮಸಂಕಟ.

ಎಫೆಕ್ಟ್ಸ್‌ಗೆ ಬಂದರೆ, ಸ್ಪೈಡರ್‌ಮ್ಯಾನ್ 2ರ ಖಳ ಡಾಕ್ಟರ್ ಆಕ್ಟೋಪಸ್‌ನ ನಾಲ್ಕು ಯಾಂತ್ರಿಕ ತೋಳುಗಳು ಅನೇಕ ಹತ್ತಿರದ ಶಾಟ್‌ಗಳಲ್ಲಿ ಕಲಾವಿದರು ಆಡಿಸಿದ ನಿಜವಾದ ಬೊಂಬೆಗಳು. ಮಿಕ್ಕ ಕಡೆ ಕಂಪ್ಯೂಟರ್ ಗ್ರಾಫಿಕ್ಸ್. ಈ ಕೆಲಸಕ್ಕೆ ಆಸ್ಕರ್ ಬಂತು. ಗೋಡೆ ಮೇಲಿನ ಕಾಳಗದಲ್ಲಿ ಮಾತ್ರ ಡಿಜಿಟಲ್ ದೇಹಗಳಿಗೆ ಭಾರವೇ ಇಲ್ಲವೆನಿಸುತ್ತದೆ, ಈಗ ನೋಡಿದರೆ ಎದ್ದು ಕಾಣುತ್ತದೆ. ಡಾರ್ಕ್ ನೈಟ್‌ನ ಲಾರಿ ಷಿಕಾಗೋದ ಬೀದಿಯಲ್ಲಿ ನಿಜವಾಗಿಯೇ ಪಲ್ಟಿಯಾದದ್ದು. ಹಾಗಾಗಿ ಆ ದೃಶ್ಯ ಹಳತಾಗಿಲ್ಲ. ಕೆಲವು ಭಾಗಗಳು ದೊಡ್ಡ ಪರದೆಗೆಂದೇ ಇರುವ ಐಮ್ಯಾಕ್ಸ್ ಕ್ಯಾಮೆರಾದವು. ದೊಡ್ಡ ಪರದೆ ಸಿಕ್ಕರೆ ಇದನ್ನೇ ಆರಿಸಿ.

ಅವಧಿ: ಸ್ಪೈಡರ್‌ಮ್ಯಾನ್ 2 127 ನಿಮಿಷ, ಡಾರ್ಕ್ ನೈಟ್ 152 ನಿಮಿಷ. ಚಿಕ್ಕ ಮಕ್ಕಳು ಜೊತೆಗಿದ್ದರೆ ಡಾರ್ಕ್ ನೈಟ್‌ನ ಖಳ ಜೋಕರ್‌ನ ಕ್ರೌರ್ಯ ಬೇಡ. ಮೊದಲ ಭಾಗ ನೋಡಿರದಿದ್ದರೂ ಡಾರ್ಕ್ ನೈಟ್ ಅರ್ಥವಾಗುತ್ತದೆ. ಸ್ಪೈಡರ್‌ಮ್ಯಾನ್‌ಗೆ ಹಾಗಲ್ಲ: ಪೀಟರ್‌ನ ಗೆಳೆಯ ಹ್ಯಾರಿಯ ಸೇಡು 2002ರ ಚಿತ್ರದಲ್ಲೇ ಹುಟ್ಟಿದ್ದು, ಮೊದಲು ಅದನ್ನು ನೋಡಿಕೊಳ್ಳಿ.